ಯಾವ ಹೆಬ್ಬಾಳ, ಸ್ವಾಮೀ?

ಹೆಬ್ಬಾಳ ಎಲ್ಲಿದೆ, ಹೇಳಿ ನೋಡೋಣ. ತಡೀರಿ, ಅವಸರ ಬೇಡ. ಮೊದಲು ನೀವು ಯಾವ ಊರಲ್ಲಿ ಕೂತು ಇದನ್ನು ಓದುತ್ತಿದ್ದೀರಿ ಅನ್ನೋದು ಇತ್ಯರ್ಥವಾಗಲಿ. ಬೆಂಗಳೂರಿನವರಾದರೆ ನಿಮ್ಮ ಹೆಬ್ಬಾಳ ವಿಮಾನ ನಿಲ್ದಾಣದ ದಾರಿಯಲ್ಲಿ, ಆ ಮೇಲ್ಸೇತುವೆಯ ಸುತ್ತಮುತ್ತ ಇದೆ. ಅಲ್ಲಿಗೆ ಹೋಗುವವರಿಗಿಂತ ಅಲ್ಲಿ ಸಿಕ್ಕಿಹಾಕಿಕೊಂಡವರೇ ಜಾಸ್ತಿ. ಮೈಸೂರಿನವರಾದರೆ ಹೆಬ್ಬಾಳ ಅಂದರೆ ಕೆಆರ್‌ಎಸ್ ರಸ್ತೆ ಕಡೆಯ ಕೈಗಾರಿಕಾ ಪ್ರದೇಶ, ಇನ್ಫೋಸಿಸ್ ಕ್ಯಾಂಪಸ್ಸು. 'ಅದೇ, ಕೆರೆ ಇದೆಯಲ್ಲ, ಆ ಹೆಬ್ಬಾಳ' ಅಂದರೂ ಪ್ರಯೋಜನವಿಲ್ಲ. ಕೆರೆ ಎರಡು ಕಡೆಯೂ ಇದೆ.

ಹೆಬ್ಬಾಳ ಒಂದೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಜಯನಗರ, ಗಾಂಧಿನಗರ, ಜೆ.ಪಿ. ನಗರ ಎಲ್ಲವೂ ಅಲ್ಲೊಂದು, ಇಲ್ಲೊಂದು. ವಿಜಯನಗರವಂತೂ ಇಲ್ಲೂ ಇದೆ, ಅಲ್ಲೂ ಇದೆ, ಹಂಪಿಯವರನ್ನು ಕೇಳಿದರೆ 'ನಿಮ್ಮಿಬ್ಬರದೂ ನಿನ್ನೆ ಮೊನ್ನೆಯದು' ಅಂತ ನಕ್ಕುಬಿಡುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಗಮನಿಸಿ. ಹೆಸರು ಒಂದೇ, ಪ್ರಶ್ನೆ ಒಂದೇ. ಎಲ್ಲಿ ನಿಂತು ಕೇಳಿದಿರಿ ಅನ್ನೋದರ ಮೇಲೆ ಉತ್ತರ ಬೇರೆ. ಕಂಪ್ಯೂಟರಿನವರು ಇದಕ್ಕೆ 'ಸ್ಪ್ಲಿಟ್ ಹೊರೈಜನ್' ಅಂತ ಭಾರಿ ಹೆಸರಿಟ್ಟುಕೊಂಡಿದ್ದಾರೆ. ಮೈಸೂರು ಬಸ್ ಸ್ಟ್ಯಾಂಡಿನ ಆಟೋದವರು ಯಾವ ಹೆಸರನ್ನೂ ಇಡದೆ ಇದನ್ನೇ ಮಾಡಿಕೊಂಡು ಬಂದಿದ್ದಾರೆ.

ಈ ವಿದ್ಯೆ ನನಗೆ ಬಂದಿದ್ದು ಅಕ್ಕನ ಮಗನಿಂದ. ಅವನು ನಮ್ಮ ಮೈಸೂರಿನ ಹೆಬ್ಬಾಳದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಏನು ಕೆಲಸ ಅಂತ ಕೇಳಿದರೆ 'ಡಿಎನ್‌ಎಸ್, ಮಾವ' ಅನ್ನುತ್ತಾನೆ. ಹಾಗಂದರೇನಪ್ಪ ಅಂದೆ. 'ಯಾರಾದರೂ ಹೆಸರು ಹೇಳಿದರೆ ಅದರ ನಂಬರ್ ಹೇಳೋದು.' ಅಡುಗೆಮನೆಯಿಂದ ಅಕ್ಕ ಕೇಳಿಸಿಕೊಂಡಳು. 'ಅಷ್ಟಕ್ಕೆ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿಗೆ ಕಳಿಸಿ ನಾಲ್ಕು ವರ್ಷ ಓದಿಸಬೇಕಿತ್ತಾ? ಯಾರ ಮನೆ ಎಲ್ಲಿದೆ ಅಂತ ನಮ್ಮ ಬೀದಿ ಕೊನೆಯ ಹೂವಿನವಳು ಹೂ ಕಟ್ಟಿಕೊಂಡೇ ಹೇಳ್ತಾಳೆ' ಅಂದಳು. ಹುಡುಗ ಮುಖ ಸಣ್ಣಗೆ ಮಾಡಿಕೊಂಡ. ಆದರೆ ನಿಜ ಹೇಳಬೇಕೆಂದರೆ, ಅವನ ಕೆಲಸವನ್ನು ಅಕ್ಕನಷ್ಟು ಚೆನ್ನಾಗಿ ಯಾರೂ ವಿವರಿಸಿಲ್ಲ.

ಜಗತ್ತಿನ ಕಂಪ್ಯೂಟರುಗಳಿಗೂ ಒಂದು ಕಾಲದಲ್ಲಿ ಅಂಥ ಒಬ್ಬರೇ ಹೂವಿನವರಿದ್ದರು. ಇಂಟರ್‌ನೆಟ್ಟಿಗೆ ಅಜ್ಜಿಯಾದ ಅರ್ಪಾನೆಟ್ಟಿನ ಕಾಲ ಅದು. ಜಾಲದಲ್ಲಿದ್ದ ಅಷ್ಟೂ ಯಂತ್ರಗಳ ಹೆಸರು ಮತ್ತು ನಂಬರು ಒಂದೇ ಒಂದು ಕಡತದಲ್ಲಿ ಇರುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ತಂಡ. ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ಜೇಕ್ ಅಂತ. ಊರ ಹೆಸರುಗಳ ಪಟ್ಟಿ ಇಟ್ಟುಕೊಂಡವರಿಗೇ ಎರಡು ಹೆಸರು, ನೋಡಿ! ಹೊಸ ಯಂತ್ರ ಬಂದರೆ ಆಕೆಯ ತಂಡಕ್ಕೆ ತಿಳಿಸಬೇಕು, ಅವರು ಪಟ್ಟಿಗೆ ಸೇರಿಸುತ್ತಾರೆ, ಆಮೇಲೆ ಎಲ್ಲರೂ ಹೊಸ ಪಟ್ಟಿಯ ನಕಲು ತಂದಿಟ್ಟುಕೊಳ್ಳಬೇಕು. ಯಂತ್ರಗಳು ಕೆಲವು ನೂರಿದ್ದಾಗ ನಡೆಯಿತು. ಊರು ಬೆಳೆಯಿತು, ಒಬ್ಬರ ಕೈಯಲ್ಲಿ ಆಗುವ ಕೆಲಸವಾಗಿ ಉಳಿಯಲಿಲ್ಲ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬಾತ ಬೇರೊಂದು ಏರ್ಪಾಟು ಬರೆದುಕೊಟ್ಟ. ಅದರ ತಿರುಳು ಇಷ್ಟೇ: ಯಾರೂ ಎಲ್ಲವನ್ನೂ ತಿಳಿದಿರಬೇಕಾಗಿಲ್ಲ, ಯಾರನ್ನು ಕೇಳಬೇಕು ಅನ್ನೋದು ಗೊತ್ತಿದ್ದರೆ ಸಾಕು. ಮೇಲೆ ಮೂಲದಲ್ಲಿ 'ಎ'ಯಿಂದ 'ಎಂ'ವರೆಗೆ 13 ಹೆಸರಿನ ಸರ್ವರುಗಳು. ಅವುಗಳಿಗೆ ನಿಮ್ಮ ಮನೆ ಗೊತ್ತಿಲ್ಲ. 'ಡಾಟ್ ಇನ್ ಅಂತೀರಾ? ಹಾಗಾದರೆ ಇಂಡಿಯಾದವರನ್ನು ಕೇಳಿ' ಅನ್ನುತ್ತವೆ. ಇಂಡಿಯಾದವರು 'ಆ ಕಂಪನಿಯವರನ್ನು ಕೇಳಿ' ಅನ್ನುತ್ತಾರೆ. ಕಂಪನಿಯ ಸರ್ವರು ಕೊನೆಗೂ ನಂಬರು ಹೇಳುತ್ತದೆ.

ಇಲ್ಲಿಯವರೆಗಿನದು ಸಾರ್ವಜನಿಕ ರಸ್ತೆಯ ಕಥೆ. ಹುಡುಗನ ತಲೆನೋವು ಕಾಂಪೌಂಡಿನ ಒಳಗಿನದು.

ಕಾಂಪೌಂಡು ಅಂದಾಗ ಬಡಾವಣೆಗಳ ನೆನಪಾಯಿತು. ಪ್ಲೇಗು ಬಂದು ಹೋದ ಮೇಲೆ, 1903ರಲ್ಲಿ, ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಆಯಿತು. ಇಕ್ಕಟ್ಟಿನ ಕೇರಿಗಳಿದ್ದ ಊರಿಗೆ ಗೆರೆ ಎಳೆದ ಹಾಗೆ ಬೀದಿಗಳು ಬಂದವು. ಒಳ್ಳೆಯದೇ ಆಯಿತು, ಗಾಳಿ ಬೆಳಕು ಬಂತು. ಆದರೆ ದೇವರಾಜ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ನಜರ್‌ಬಾದ್ ಅಂತ ಬಾಯಿ ತುಂಬ ಹೆಸರು ಹೇಳುತ್ತಿದ್ದ ಊರಿಗೆ ಕಾಲಕ್ರಮದಲ್ಲಿ ಮೇನು, ಕ್ರಾಸು, ಸ್ಟೇಜುಗಳ ಲೆಕ್ಕ ಗಂಟುಬಿತ್ತು. ಈಗ ಹೇಳಿ: ನಾಲ್ಕನೇ ಮೇನು ಏಳನೇ ಕ್ರಾಸು ಯಾವ ಬಡಾವಣೆಯಲ್ಲಿ ಇಲ್ಲ? ಒಳಗಿನವರಿಗೆ ಆ ನಂಬರು ಸಾಕು. ಹೊರಗಿನವನಿಗೆ ಬಡಾವಣೆಯ ಹೆಸರು ಹೇಳದೆ ಬರೀ ಕ್ರಾಸು ಹೇಳಿದರೆ ಅವನು ಊರೆಲ್ಲ ಸುತ್ತುತ್ತಾನೆ.

ಕಂಪ್ಯೂಟರ್ ಲೋಕದಲ್ಲಿ ಈ ಏಳನೇ ಕ್ರಾಸಿಗೆ ಕಾನೂನಿನ ಮೊಹರು ಬಿದ್ದದ್ದು 1996ರ ಫೆಬ್ರವರಿಯಲ್ಲಿ, ಆರ್‌ಎಫ್‌ಸಿ 1918 ಎಂಬ ಕಡತದಲ್ಲಿ. ಹತ್ತರಿಂದ ಶುರುವಾಗುವ ನಂಬರುಗಳು, 192.168ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, ಇಷ್ಟನ್ನೂ ಯಾರು ಬೇಕಾದರೂ ತಮ್ಮ ಕಾಂಪೌಂಡಿನೊಳಗೆ ಬಳಸಿಕೊಳ್ಳಿ, ಹೊರಗೆ ತರಬೇಡಿ ಅಂತ. ಹತ್ತರ ಗುಂಪಿನಲ್ಲೇ 1,67,77,216 ನಂಬರುಗಳಿವೆ. ನಿಮ್ಮ ಮನೆಯ ವೈಫೈ ಪೆಟ್ಟಿಗೆಯ ನಂಬರು ನೋಡಿ, ಬಹುಶಃ 192.168.1.1 ಇರುತ್ತದೆ. ಎದುರು ಮನೆಯದೂ ಅದೇ ಇದ್ದೀತು. ಜಗಳವಿಲ್ಲ, ಯಾಕೆಂದರೆ ಇಬ್ಬರ ನಡುವೆ ಗೋಡೆ ಇದೆ. ಜಗಳ ಬರುವುದು ಗೋಡೆ ಒಡೆದು ಎರಡು ಮನೆ ಒಂದು ಮಾಡಿದಾಗ. ಕಂಪನಿಯೊಂದು ಇನ್ನೊಂದನ್ನು ಕೊಂಡುಕೊಂಡಿತು ಅಂತ ಪೇಪರಿನಲ್ಲಿ ಫೋಟೋ ಬರುತ್ತಲ್ಲ, ಇಬ್ಬರು ಕೈಕುಲುಕುತ್ತ ನಗುತ್ತಿರುತ್ತಾರೆ. ಆ ಫೋಟೋದಲ್ಲಿ ಇಲ್ಲದ ಮೂರನೆಯವನು ನಮ್ಮ ಹುಡುಗ. ಅವನು ನಗುತ್ತಿರುವುದಿಲ್ಲ.

ನಂಬರುಗಳ ಹಾಗೆ ಹೆಸರುಗಳಲ್ಲೂ ಮನೆಯೊಳಗಿನವು, ಬೀದಿಯವು ಅಂತ ಇವೆ. ಕುವೆಂಪು ಅವರ ಮನೆಯ ಹೆಸರು ಉದಯರವಿ, ಎಲ್ಲರಿಗೂ ಗೊತ್ತು. ಅದು ಇರುವುದು ಒಂಟಿಕೊಪ್ಪಲಿನಲ್ಲಿ. ಆದರೆ ಅವರ ಹೆಸರಿನ ಬಡಾವಣೆ ಕುವೆಂಪುನಗರ ಇರುವುದು ಊರಿನ ಇನ್ನೊಂದು ಕಡೆ. ಆ ಬಡಾವಣೆಯ ರಸ್ತೆಗಳಿಗೆ ವಿಶ್ವಮಾನವ, ಪಂಚಮಂತ್ರ, ಅನಿಕೇತನ ಅಂತೆಲ್ಲ ಹೆಸರಿಟ್ಟ ಪುಣ್ಯಾತ್ಮರು ಒಂದಕ್ಕೆ ಉದಯರವಿ ಅಂತಲೂ ಇಟ್ಟುಬಿಟ್ಟರು. ಮನೆಯೇ ಇರಬಾರದು ಅನ್ನುವ ಅನಿಕೇತನದ ಹೆಸರಿನ ರಸ್ತೆಯಲ್ಲಿ ಮನೆ ಕಟ್ಟಿಕೊಂಡವರ ಪಾಡು ಬೇರೆ, ಅದನ್ನು ಇನ್ನೊಮ್ಮೆ ಮಾತಾಡೋಣ. ನಮ್ಮಲ್ಲಿಗೆ ಧಾರವಾಡದಿಂದ ಬಂದಿದ್ದ ನೆಂಟರೊಬ್ಬರು ಕವಿಯ ಮನೆ ನೋಡುವ ಭಕ್ತಿಯಿಂದ ಆಟೋ ಹತ್ತಿ 'ಉದಯರವಿ' ಅಂದರು. ಆಟೋದವನು ಕುವೆಂಪುನಗರದ ರಸ್ತೆಯಲ್ಲಿ ಇಳಿಸಿ 'ಇದೇ ಸಾರ್, ಇಲ್ಲಿಂದ ಅಲ್ಲೀತನಕ ಉದಯರವೀನೇ' ಅಂದನಂತೆ. ಅವರು ಆ ರಸ್ತೆಗೇ ಕೈಮುಗಿದು ಒಂದು ದೋಸೆ ತಿಂದು ವಾಪಸು ಬಂದರು. ಚೆನ್ನಾಗಿತ್ತು ಅಂದರು. ದೋಸೆಯೋ, ದರ್ಶನವೋ, ನಾನು ಕೆದಕಲಿಲ್ಲ.

ಎಲ್ಲಿದ್ದೆ? ಹಾಂ, ಕಾಂಪೌಂಡಿನೊಳಗೆ. ಹುಡುಗನ ಕಂಪನಿಗೆ ಹೆಬ್ಬಾಳದಲ್ಲೇ ಒಂದು ಕೋಣೆ ಇದೆ, ಬೀರುಗಳ ತುಂಬ ಗುಂಯ್ ಅನ್ನುವ ಯಂತ್ರಗಳು. ಇದು ಆನ್-ಪ್ರೆಮ್, ಅಂದರೆ ನಮ್ಮ ಸ್ವಂತ ಜಾಗದ್ದು. ಇದಲ್ಲದೆ ಕ್ಲೌಡು. ಕ್ಲೌಡು ಅಂದರೆ ಮೋಡವೂ ಅಲ್ಲ, ಆಕಾಶದಲ್ಲೂ ಇಲ್ಲ. ಇವರದ್ದು ಮುಂಬೈಯಲ್ಲಿ, ಅಮೆಜಾನಿನವರು 2016ರಲ್ಲಿ ತೆರೆದ ದತ್ತಾಂಶ ಕೇಂದ್ರಗಳಲ್ಲಿ ಇದೆ. ಅಲ್ಲಿ ಇವರಿಗೆ ಒಂದಲ್ಲ, ಹಲವು ಅಕೌಂಟು. ಪ್ರಯೋಗಕ್ಕೊಂದು, ಪರೀಕ್ಷೆಗೊಂದು, ಗಿರಾಕಿಗಳ ನಿಜವಾದ ವ್ಯವಹಾರಕ್ಕೊಂದು. ಯಾಕಪ್ಪ ಒಂದೇ ಸಾಲದೇ ಅಂದರೆ, ಒಬ್ಬ ಕೈತಪ್ಪಿ ಏನೋ ಅಳಿಸಿದರೆ ಅವನ ಅಕೌಂಟಿಗೆ ಮಾತ್ರ ನಷ್ಟವಾಗಲಿ ಅಂತ. ಜಾಣತನವೇ. ಆದರೆ ಪ್ರತಿ ಅಕೌಂಟೂ ತನ್ನದೇ ಖಾಸಗಿ ಹೆಸರಿನ ಪಟ್ಟಿ ಇಟ್ಟುಕೊಂಡಿತು. ಆಮೇಲೆ ಇವರು ಕೊಂಡುಕೊಂಡ ಇನ್ನೊಂದು ಕಂಪನಿಯ ಜೊತೆ ಮೈಕ್ರೋಸಾಫ್ಟಿನ ಅಜೂರ್ ಕ್ಲೌಡಿನ ಅಕೌಂಟೊಂದು ಬಳುವಳಿಯಾಗಿ ಬಂತು. ಅದಕ್ಕೆ ಅದರದೇ ಪಟ್ಟಿ. ಈಗ ಹೆಬ್ಬಾಳದ ಯಂತ್ರ ಮುಂಬೈಯ ಯಂತ್ರವನ್ನು ಹೆಸರಿನಿಂದ ಕರೆಯಬೇಕು, ಮುಂಬೈಯದು ಹೆಬ್ಬಾಳದ್ದನ್ನು ಕರೆಯಬೇಕು, ಅಕೌಂಟುಗಳು ತಂತಮ್ಮೊಳಗೆ ಕರೆದುಕೊಳ್ಳಬೇಕು. ಯಾರಿಗೆ ಯಾರ ಹೆಸರು ಗೊತ್ತು?

ಮುಂಬೈಯ ಪ್ರತಿ ಕಾಂಪೌಂಡಿನಲ್ಲೂ ಒಬ್ಬ ಹೂವಿನವಳಿದ್ದಾಳೆ. ಕಾಂಪೌಂಡಿನ ನಂಬರುಗಳು 10.0.0.0ಯಿಂದ ಶುರುವಾದರೆ ಆಕೆ ಕೂರುವುದು 10.0.0.2ರಲ್ಲಿ, ಮೊದಲ ನಂಬರಿಗೆ ಎರಡು ಕೂಡಿಸಿದ ಜಾಗ ಯಾವಾಗಲೂ ಆಕೆಯದು. ಆದರೆ ಆಕೆಗೊಂದು ಮಡಿ: ಒಳಗಿನವರು ಕೇಳಿದರೆ ಮಾತ್ರ ಉತ್ತರ. ಹೆಬ್ಬಾಳದಿಂದ ನೇರ ತಂತಿ ಎಳೆದುಕೊಂಡು ಹೋಗಿ ಕೇಳಿದರೂ ಬಾಯಿ ಬಿಡುವುದಿಲ್ಲ. ಹಾಗಾಗಿ 2018ರ ನವೆಂಬರಿನಲ್ಲಿ ಅಮೆಜಾನಿನವರು ಎರಡು ಕಿಟಕಿ ಮಾಡಿಕೊಟ್ಟರು. ಹೊರಗಿನವರು ಬಂದು ಕೇಳಲು ಒಂದು, ಇನ್‌ಬೌಂಡು. ಒಳಗಿನ ಪ್ರಶ್ನೆಯನ್ನು ಹೊರಗಿನವರಿಗೆ ಕಳಿಸಲು ಇನ್ನೊಂದು, ಔಟ್‌ಬೌಂಡು. 'ಈ ಈ ಹೆಸರು ಬಂದರೆ ಹೆಬ್ಬಾಳದವರನ್ನು ಕೇಳು' ಅಂತ ಒಂದು ಚೀಟಿ ಬರೆದಿಡಬೇಕು. ಇದನ್ನು ಫಾರ್ವರ್ಡಿಂಗ್ ರೂಲ್ ಅನ್ನುತ್ತಾರೆ. ಬುದ್ಧಿವಂತರು ಕಿಟಕಿಗಳನ್ನೆಲ್ಲ ಒಂದೇ ಅಕೌಂಟಿನಲ್ಲಿಟ್ಟು, ಚೀಟಿಯನ್ನು ಉಳಿದ ಅಕೌಂಟುಗಳಿಗೆ ಹಂಚುತ್ತಾರೆ. ನಮ್ಮ ಹುಡುಗನ ಕಂಪನಿಯಲ್ಲಿ ಪ್ರತಿ ತಂಡವೂ ತನ್ನ ತನ್ನ ಕಿಟಕಿ ಕೊರೆದುಕೊಂಡಿತ್ತು. ಕಿಟಕಿಗಳು ಗಂಟೆ ಲೆಕ್ಕದಲ್ಲಿ ಬಾಡಿಗೆ ತಿನ್ನುತ್ತವೆ ಅನ್ನುವುದು ಬಿಲ್ಲು ಬಂದ ಮೇಲೆ ತಿಳಿಯಿತಂತೆ.

ಚೀಟಿ ಬರೆಯುವುದರಲ್ಲೂ ಅಪಾಯವಿದೆ. ಮುಂಬೈಯ ಚೀಟಿಯಲ್ಲಿ 'ಹೆಬ್ಬಾಳದವರನ್ನು ಕೇಳಿ' ಅಂತಿದೆ. ಹೆಬ್ಬಾಳದ ಇನ್ನೊಬ್ಬ ಪುಣ್ಯಾತ್ಮ ಅದೇ ಹೆಸರಿಗೆ 'ಮುಂಬೈಯವರನ್ನು ಕೇಳಿ' ಅಂತ ಬರೆದಿದ್ದಾನೆ. ಪ್ರಶ್ನೆ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಮರ್ಯಾದಸ್ಥರಿಬ್ಬರು 'ಛೇ, ಹಿರಿಯರು, ನೀವೇ ಹೇಳಿ' 'ಅಯ್ಯೋ, ನಿಮ್ಮ ಮುಂದೆ ನಾನೇನು, ನೀವೇ ಹೇಳಿ' ಅನ್ನುತ್ತಾ ನಿಂತರೆ ದಾರಿ ಕೇಳಿದವನ ಬಸ್ಸು ಹೋಗಿಬಿಡುತ್ತದೆ, ಅಲ್ಲವೇ? ಮೈಸೂರಿನವರ ಮರ್ಯಾದೆಯ ಬಗ್ಗೆ ಹೊರಗಿನವರು ಹೇಳುವ ಜೋಕುಗಳಲ್ಲಿ ಅರ್ಧ ಇದೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ದಾರಿ ಕೇಳಿದಾಗ 'ಗೊತ್ತಿಲ್ಲ, ಮುಂದೆ ಕೇಳಿ' ಅನ್ನುವವನು ಉಪಕಾರಿ. 'ಅಂಥ ಮನೆಯೇ ಈ ಊರಲ್ಲಿಲ್ಲ' ಅಂತ ಖಡಾಖಂಡಿತವಾಗಿ ಹೇಳುವವನಿದ್ದಾನಲ್ಲ, ಅವನಿಂದ ಸಂಸಾರಗಳು ಹಾಳಾಗಿವೆ. ಹುಡುಗನ ತಂಡದಲ್ಲಿ ಯಾರೋ ಕಂಪನಿಯ ಸಾರ್ವಜನಿಕ ಹೆಸರಿನದೇ ಒಂದು ಖಾಸಗಿ ಪಟ್ಟಿಯನ್ನು ಒಂದು ಅಕೌಂಟಿನೊಳಗೆ ತೆರೆದರು. ಅದರಲ್ಲಿ ತಮಗೆ ಬೇಕಾದ ಎರಡೋ ಮೂರೋ ಯಂತ್ರಗಳ ಹೆಸರು ಬರೆದರು. ಬಾಕಿಯವಕ್ಕೆ ಹೇಗೂ ಹೊರಗಿನ ಪಟ್ಟಿ ಇದೆಯಲ್ಲ ಅಂದುಕೊಂಡರು. ಹಾಗೆ ನಡೆಯುವುದಿಲ್ಲ. ಖಾಸಗಿ ಪಟ್ಟಿ ಇದ್ದರೆ ಅದೇ ಕೊನೆಯ ಮಾತು. ಅದರಲ್ಲಿ ಹೆಸರಿಲ್ಲದಿದ್ದರೆ ಹೂವಿನವಳು ಹೊರಗೆ ಕೇಳಲು ಹೋಗುವುದೇ ಇಲ್ಲ, 'ಇಲ್ಲ' ಅಂದುಬಿಡುತ್ತಾಳೆ. ಇಡೀ ಪ್ರಪಂಚಕ್ಕೆ ಕಾಣುವ ಕಂಪನಿಯ ವೆಬ್‌ಸೈಟು ಆ ಅಕೌಂಟಿನ ಯಂತ್ರಗಳಿಗೆ ಮಾತ್ರ ಮಾಯ. ಹುಡುಗ ರಾತ್ರಿಯೆಲ್ಲ ತಂತಿ ಹುಡುಕಿದ, ಬೆಂಕಿಗೋಡೆ ಹುಡುಕಿದ, ಬೆಳಗಿನ ಜಾವಕ್ಕೆ ಪಟ್ಟಿ ನೋಡಿದ. ನನಗೆ ಇದನ್ನು ಹೇಳುವಾಗ ಅವನಿಗೆ ಸಿಟ್ಟಿತ್ತು. ನನಗೆ ಮಾತ್ರ ನಮ್ಮ ದೊಡ್ಡಪ್ಪನ ನೆನಪಾಯಿತು. ತಾವು ಓದದ ಪುಸ್ತಕವನ್ನು ಅವರು ಎಂದೂ 'ಓದಿಲ್ಲ' ಅಂದವರಲ್ಲ. 'ಅಂಥ ಪುಸ್ತಕ ಬಂದೇ ಇಲ್ಲ' ಅನ್ನುತ್ತಿದ್ದರು. ಅವರ ಕಣ್ಣೆದುರಿಗೆ ಪುಸ್ತಕ ಹಿಡಿದರೆ 'ಇದು ಬೇರೆ' ಅನ್ನುತ್ತಿದ್ದರು.

ಪಟ್ಟಿ ತಿದ್ದಿದ ಮೇಲಾದರೂ ಸರಿಹೋಯಿತೇ ಅಂದರೆ, ತಕ್ಷಣಕ್ಕೆ ಇಲ್ಲ. ಒಮ್ಮೆ ಕೇಳಿಸಿಕೊಂಡ ಉತ್ತರವನ್ನು ಯಂತ್ರಗಳು ಇಷ್ಟು ಹೊತ್ತು ಅಂತ ನೆನಪಿಟ್ಟುಕೊಳ್ಳುತ್ತವೆ. 'ಇಲ್ಲ' ಅನ್ನುವ ಉತ್ತರವನ್ನೂ. ಅವಧಿ ಮುಗಿಯುವವರೆಗೆ ಹಳೆಯದೇ ಪಾಠ. ನಾವು ಈ ವಿಷಯದಲ್ಲಿ ಯಂತ್ರಗಳನ್ನು ಬೈಯುವ ಹಾಗಿಲ್ಲ. ನಮ್ಮೂರಿನ ಶಾಂತಲಾ ಟಾಕೀಸು 2020ರಲ್ಲಿ ಬಾಗಿಲು ಹಾಕಿತು. ಇವತ್ತಿಗೂ ನಾವು 'ಶಾಂತಲಾ ಹತ್ತಿರ ನಿಲ್ಸಪ್ಪ' ಅನ್ನುತ್ತೇವೆ, ನಿಲ್ಲಿಸುತ್ತಾರೆ. ನಮ್ಮ ನೆನಪಿಗೆ ಅವಧಿ ಬರೆದವರು ಯಾರೂ ಇಲ್ಲ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಊರು ಮೈಸೂರು ಅಂತಲೇ ಆಯಿತು, ಆದರೆ ರೈಲ್ವೆಯವರ ಪುಸ್ತಕದಲ್ಲಿ ನಿಲ್ದಾಣದ ಸಂಕೇತ ಎಂವೈಎಸ್ ಆಗಿ ಹಾಗೇ ಕೂತಿದೆ. 2022ರ ಅಕ್ಟೋಬರಿನಲ್ಲಿ ಟಿಪ್ಪು ಎಕ್ಸ್‌ಪ್ರೆಸ್ಸು ಒಡೆಯರ್ ಎಕ್ಸ್‌ಪ್ರೆಸ್ಸಾಯಿತು. ಪರ ವಿರೋಧ ಎಷ್ಟೆಲ್ಲ ಕೂಗಾಡಿದರು! ರೈಲಿನ ನಂಬರು ಮಾತ್ರ 12613 ಇದ್ದದ್ದು 12613 ಆಗಿಯೇ ಉಳಿಯಿತು. ಹುಡುಗನಿಗೆ ಇದನ್ನು ಹೇಳಿದೆ. 'ನಮ್ಮಲ್ಲಿ ಉಲ್ಟಾ, ಮಾವ. ಹೆಸರು ಹಾಗೇ ಇರುತ್ತೆ, ಕೆಳಗಡೆ ನಂಬರ್ ಬದಲಾಗ್ತಾ ಇರುತ್ತೆ. ಯಾರೂ ಕೂಗಾಡಲ್ಲ' ಅಂದ.

ಕೂಗಾಡುವ ದಿನಗಳೂ ಬರುತ್ತವೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕು, ವಾಟ್ಸಾಪು ಎಲ್ಲ ಆರು ತಾಸಿನಷ್ಟು ಮಲಗಿದ್ದವಲ್ಲ, ನೆನಪಿದೆಯೇ? ಅವರ ಹೆಸರಿನ ಸರ್ವರುಗಳಿಗೆ ಹೋಗುವ ದಾರಿಯೇ ಪ್ರಪಂಚದ ನಕ್ಷೆಯಿಂದ ಅಳಿಸಿಹೋಗಿತ್ತು. 2025ರ ಅಕ್ಟೋಬರ್ 20ರಂದು ಅಮೆಜಾನಿನ ವರ್ಜೀನಿಯಾ ಕೇಂದ್ರದಲ್ಲಿ ಡೈನಮೋಡಿಬಿ ಅನ್ನುವ ಸೇವೆಯ ಹೆಸರಿನ ಮುಂದೆ ನಂಬರಿನ ಜಾಗ ಖಾಲಿಯಾಗಿಬಿಟ್ಟಿತು. ಪಟ್ಟಿ ತಿದ್ದುವ ಎರಡು ಸ್ವಯಂಚಾಲಿತ ಕೈಗಳು ಒಂದರ ಮೇಲೊಂದು ಬಿದ್ದು ಆದ ಎಡವಟ್ಟು. ಅರ್ಧ ಪ್ರಪಂಚದ ಆ್ಯಪುಗಳು ಮೂರ್ಛೆ ಹೋದವು. ಯಂತ್ರ ಕೆಟ್ಟಿರಲಿಲ್ಲ, ಮಾಹಿತಿ ಕಳೆದಿರಲಿಲ್ಲ. ಅಕ್ಕನಿಗೆ ಇದನ್ನು ವಿವರಿಸಿದೆ. 'ಹೂವಿನವಳು ಆವತ್ತು ರಜಾ ಹಾಕಿದ್ದಳು ಅನ್ನು' ಅಂದಳು.

ಒಳಗಿನ ಹೆಸರು ಒಳಗೇ ಇರಬೇಕು ಅಂತ ಇವರೆಲ್ಲ ಇಷ್ಟು ಒದ್ದಾಡುತ್ತಾರೆ. ನಮ್ಮೂರಲ್ಲಿ ಒಂದು ಮನೆಯೊಳಗಿನ ಹೆಸರು ದೇಶಕ್ಕೇ ಹಬ್ಬಿದ ಕಥೆ ಇದೆ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೊ ಕೇಂದ್ರ ಶುರುಮಾಡಿದರು. ಮನೆಯ ಹೆಸರು ವಿಠಲ ವಿಹಾರ, ಕೇಂದ್ರದ ಹೆಸರು ಆಕಾಶವಾಣಿ. ಆಮೇಲೆ ಅದು ಇಡೀ ದೇಶದ ಬಾನುಲಿಯ ಹೆಸರಾಯಿತು. 2023ರಲ್ಲಂತೂ ಆಲ್ ಇಂಡಿಯಾ ರೇಡಿಯೊ ಅನ್ನುವುದನ್ನು ಬಿಟ್ಟು ಎಲ್ಲ ಭಾಷೆಗಳಲ್ಲೂ ಆಕಾಶವಾಣಿ ಅಂತಲೇ ಹೇಳಿ ಅಂತ ಆದೇಶ ಬಂತು. ಅದೇ 1935ರಲ್ಲಿ ಮೈಸೂರಿನ ಇನ್ನೊಬ್ಬರ ಪುಸ್ತಕದಿಂದ ಇನ್ನೊಂದು ಹೆಸರು ಹೊರಬಿತ್ತು: ಮಾಲ್ಗುಡಿ. ಆರ್.ಕೆ. ನಾರಾಯಣ್ ಅದಕ್ಕೆ ನದಿ ಕೊಟ್ಟರು, ಶಾಲೆ ಕೊಟ್ಟರು, ಅಂಗಡಿ ಬೀದಿ ಕೊಟ್ಟರು, ನಂಬರು ಮಾತ್ರ ಕೊಡಲಿಲ್ಲ. ಎಲ್ಲಿದೆ ಅಂತ ಕೇಳಿದವರಿಗೆ ನಕ್ಕು ಸುಮ್ಮನಾಗುವಂಥ ಹೆಸರು ಅದು. ನಮ್ಮವರು ಬಿಡುತ್ತಾರೆಯೇ? ಶಂಕರ್‌ನಾಗ್ ಆಗುಂಬೆಯಲ್ಲಿ ಧಾರಾವಾಹಿ ತೆಗೆದರು. ಅದರಲ್ಲಿ ಮಾಲ್ಗುಡಿ ನಿಲ್ದಾಣವಾಗಿ ಕಾಣಿಸಿಕೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಮೈಸೂರಿಗೂ ಯಲಹಂಕಕ್ಕೂ ನಡುವಿನ ರೈಲೊಂದಕ್ಕೆ ಮಾಲ್ಗುಡಿ ಎಕ್ಸ್‌ಪ್ರೆಸ್ ಅಂತ ಹೆಸರಿಟ್ಟರು. ದಾರಿಯಲ್ಲಿ ಎಲ್ಲೂ ಮಾಲ್ಗುಡಿ ಬರುವುದಿಲ್ಲ, ಟಿಕೆಟ್ ಕೇಳಬೇಡಿ.

ಈಗ ಕಂಪ್ಯೂಟರಿನವರಿಗೂ ಅಂಥ ಒಂದು ಬೇಲಿಯೊಳಗಿನ ಜಾಗ ಸಿಕ್ಕಿದೆ. 2024ರ ಜುಲೈನಲ್ಲಿ, ಇಂಟರ್‌ನೆಟ್ಟಿನ ಹೆಸರುಗಳನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆ 'ಡಾಟ್ ಇಂಟರ್ನಲ್' ಅನ್ನುವ ಕೊನೆಯನ್ನು ಖಾಸಗಿ ಬಳಕೆಗೇ ಮೀಸಲಿಟ್ಟಿತು. ಪ್ರಪಂಚದ ಮೂಲ ಸರ್ವರುಗಳಲ್ಲಿ ಅದು ಎಂದೂ ಬರುವುದಿಲ್ಲ. ಹುಡುಗನ ತಂಡ ಎಲ್ಲ ಅಕೌಂಟುಗಳನ್ನೂ ಅದರಡಿ ತರಲು ಹೊರಟಿತು. ಯಂತ್ರಗಳಿಗೆ ಏನು ಹೆಸರಿಡೋಣ ಅಂತ ಸಭೆ ಸೇರಿತು. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಅಂತ ಕೆರೆಗಳ ಹೆಸರಿಡೋಣ ಅಂದರು ಮೈಸೂರಿನವರು. ಕೆರೆ ಒಣಗಿದರೆ ಅಪಶಕುನ ಅಂದ ಒಬ್ಬ. ಮೈಸೂರ್‌ಪಾಕ್ ಅಂತಿಡೋಣ ಅಂದ ಇನ್ನೊಬ್ಬ, ಊಟದ ಹೊತ್ತಾಗಿತ್ತೋ ಏನೋ. ಕೊನೆಗೆ ಮ್ಯಾನೇಜರು ಬಂದು ಎಲ್ಲವನ್ನೂ ಡಿಬಿ-01, ಡಿಬಿ-02 ಮಾಡಿ ಎದ್ದುಹೋದರು. ಮತ್ತೆ ಮೇನು, ಕ್ರಾಸು!

ಅಂದಹಾಗೆ ಅಕ್ಕ ಈಗ ಮಗನಿಗೆ ಹೆಣ್ಣು ನೋಡುತ್ತಿದ್ದಾಳೆ. ಅವನ ಕೆಲಸವನ್ನು ಹುಡುಗಿ ಕಡೆಯವರಿಗೆ ಏನಂತ ಹೇಳೋದು ಅನ್ನೋದೇ ಅವಳಿಗೆ ಚಿಂತೆಯಾಗಿತ್ತು. 'ಕ್ಲೌಡು ಅಂದುಬಿಡು, ಯಾರೂ ಮುಂದೆ ಕೇಳಲ್ಲ' ಅಂತ ಧೈರ್ಯ ಹೇಳಿದ್ದೆ. ಹೋದ ಭಾನುವಾರ ಸರಸ್ವತಿಪುರಂನಿಂದ ಬಂದ ಹುಡುಗಿ ಮುಂದೆ ಕೇಳಿದಳು. ಅವಳದೂ ಅದೇ ಕೆಲಸವಂತೆ. ಉಪ್ಪಿಟ್ಟು ಆರುವವರೆಗೂ ಇಬ್ಬರೂ ಫಾರ್ವರ್ಡಿಂಗ್ ರೂಲ್ ಯಾರ ಅಕೌಂಟಿನಲ್ಲಿರಬೇಕು ಅಂತ ವಾದ ಮಾಡಿದರು. ಅವರು ಹೋದ ಮೇಲೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: 'ಏನೋ ಅದು, ಆಗಲೇ ಜಾಯಿಂಟ್ ಅಕೌಂಟ್ ಮಾತಾಡ್ತಿದ್ರಲ್ಲೋ!'